ಲುಂಗಿ, ಟೋಪಿ ಹಾಕಿದರೆ ಪಾತ್ರ ಮುಗಿಯಿತಾ?

ಯಕ್ಷಗಾನ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಿರೀಟ ಕಂಡರೆ ಅರಸ, ಮುಖ ತುಂಬ ಬಣ್ಣ ಬರೆದುಕೊಂಡು ಅಬ್ಬರಿಸಿ ಬಂದರೆ ರಕ್ಕಸ. ಬಾಯಿ ತೆರೆಯುವ ಮೊದಲೇ ವೇಷ ಅರ್ಧ ಕಥೆ ಹೇಳಿರುತ್ತದೆ. 'ಬಪ್ಪನಾಡು ಕ್ಷೇತ್ರ ಮಹಾತ್ಮೆ' ಪ್ರಸಂಗದಲ್ಲಿ ವ್ಯಾಪಾರಿ ಬಪ್ಪ ಬ್ಯಾರಿ ರಂಗಕ್ಕೆ ಬಂದಾಗಲೂ ಉಡುಪು ನೋಡಿಯೇ ಜನ ಗುರುತು ಹಿಡಿಯುತ್ತಾರೆ.

ಆದರೆ ಗುರುತು ಹಿಡಿಯುವುದು ಬೇರೆ, ಮನುಷ್ಯನನ್ನು ಅರಿಯುವುದು ಬೇರೆ. ಶಾಲಾ ವಾರ್ಷಿಕೋತ್ಸವದ ನಾಟಕಗಳನ್ನು ನಾವು ನೋಡುತ್ತಲೇ ಇದ್ದೇವೆ. ಮುಸ್ಲಿಂ ಪಾತ್ರ ಅಂದರೆ ಚೌಕುಳಿ ಲುಂಗಿ, ಅಗಲ ಬೆಲ್ಟು, ಟೋಪಿ. ಅಷ್ಟೇ. ಅವನು ಮೀನು ವ್ಯಾಪಾರಿಯಾ, ಮಾಸ್ಟ್ರಾ, ಗಲ್ಫಿನಿಂದ ರಜೆಗೆ ಬಂದವನಾ? ವೇಷ ಸಮುದಾಯದ ಹೆಸರು ಹೇಳುತ್ತದೆ, ಆಳಿನ ಬಗ್ಗೆ ಏನೂ ಹೇಳುವುದಿಲ್ಲ. ಮಕ್ಕಳು ಅದನ್ನೇ ನಿಜ ಅಂದುಕೊಂಡು ನಗುತ್ತಾರೆ.

ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯನ್ನು ಗಿರೀಶ್ ಕಾಸರವಳ್ಳಿ 2004ರಲ್ಲಿ 'ಹಸೀನಾ' ಸಿನಿಮಾ ಮಾಡಿದರು. ನಟಿ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಹೆಚ್ಚಿನವರಿಗೆ ಗೊತ್ತು. ಅದೇ ಚಿತ್ರದ ವಸ್ತ್ರವಿನ್ಯಾಸಕ್ಕೂ ರಾಷ್ಟ್ರಪ್ರಶಸ್ತಿ ಬಂತು. ಅದು ಅರಮನೆಯ ಕಥೆಯಲ್ಲ, ಗಂಡ ಕೈಬಿಟ್ಟ ಬಡ ತಾಯಿಯ ಕಥೆ. ಬಡವರ ಮನೆಯ ಬಟ್ಟೆಯನ್ನು ಸರಿಯಾಗಿ ತೋರಿಸುವುದೂ ದೊಡ್ಡ ವಿದ್ಯೆಯೇ.

ಯಾಕಂದ್ರೆ ಅಂಗಡಿಯಿಂದ ತಂದ ಹೊಸ ಬಟ್ಟೆ ಕ್ಯಾಮೆರಾ ಮುಂದೆ ಸುಳ್ಳು ಹೇಳುತ್ತದೆ. ಅದನ್ನು ಒಗೆದು, ಬಿಸಿಲಿಗೆ ಹಾಕಿ, ಚಾ ನೀರಿನಲ್ಲಿ ನೆನೆಸಿ, ಉಜ್ಜಿ ಹಳತು ಮಾಡುತ್ತಾರೆ. ಮೊಣಕೈ ಸವೆದಿರಬೇಕು, ಹೊಲಿಗೆ ಬಿಟ್ಟಲ್ಲಿ ತೇಪೆ ಇರಬೇಕು. ನಾಟಕದಲ್ಲಿ ಹಾಗಲ್ಲ. ಕೊನೆಯ ಸಾಲಿನವರಿಗೂ ಕಾಣಬೇಕಾದ್ದರಿಂದ ಬಣ್ಣ, ಆಕಾರ ಎದ್ದು ತೋರಬೇಕು.

ಉಡುಪು ಕಾಲವನ್ನೂ ಹೇಳುತ್ತದೆ. ಹಿಂದೆ ನಮ್ಮ ಬ್ಯಾರಿ ಹೆಂಗಸರು ಸೊಂಟಕ್ಕೆ ತುಣಿ, ಮೇಲೆ ಕುಪ್ಪಾಯ, ತಲೆಗೊಂದು ವಸ್ತ್ರ ಹಾಕುತ್ತಿದ್ದರು. ಆ ಕಾಲದ ಅಜ್ಜಿಯ ಪಾತ್ರಕ್ಕೆ ಇವತ್ತಿನ ಕಪ್ಪು ಬುರ್ಖಾ ತೊಡಿಸಿದರೆ ಕಥೆಯೇ ತಪ್ಪುತ್ತದೆ. 2011ರ 'ಬ್ಯಾರಿ' ನಮ್ಮ ಭಾಷೆಯ ಮೊದಲ ಸಿನಿಮಾ. ಅದು ಶ್ರೇಷ್ಠ ಚಿತ್ರದ ರಾಷ್ಟ್ರಪ್ರಶಸ್ತಿಯನ್ನೂ ಹಂಚಿಕೊಂಡಿತು. ಮುಂದೆ ಇಂತಹ ಚಿತ್ರ, ನಾಟಕ ಮಾಡುವವರು ಹಳೆಯ ಉಡುಪನ್ನು ನೋಡಿ ಕಲಿಯಲು ಎಲ್ಲಿಗೆ ಹೋಗಬೇಕು?

ನಮ್ಮ ಮನೆಗಳಿಗೇ ಬರಬೇಕು. ಹಾಗಾಗಿ ಪೆಟ್ಟಿಗೆಯ ಅಡಿಯಲ್ಲಿ ಕುಪ್ಪಾಯ ಉಳಿದಿದ್ದರೆ ನೆಲ ಒರೆಸಲು ಕೊಡಬೇಡಿ. ಬೇವಿನೆಲೆ ಹಾಕಿ ಮಡಚಿಡಿ. ಯಾರು ಹೊಲಿದದ್ದು, ಯಾವಾಗ ಉಡುತ್ತಿದ್ದದ್ದು ಅಂತ ಹಿರಿಯ ಹೆಂಗಸರಲ್ಲಿ ಕೇಳಿ ಬರೆದಿಡಿ. ಮಕ್ಕಳು ನಾಟಕಕ್ಕೆ ಲುಂಗಿ, ಟೋಪಿ ಕೇಳಿದರೆ ಕೊಡಿ, ಬೇಡ ಅನ್ನಬೇಡಿ. ಜೊತೆಗೆ ಒಂದು ಮಾತು ಕೇಳಿ: "ನಿನ್ನ ಪಾತ್ರದವನು ಏನು ಕೆಲಸ ಮಾಡ್ತಾನೆ ಮೋನೇ?"