ಒಂದೇ ಲಾರಿಗೆ ಒಂದು ಕಾರ್ಖಾನೆ

1950ರ ಸುಮಾರಿನಲ್ಲಿ ಅಮೆರಿಕದ ರೈತನೊಬ್ಬ ಶೆವರ್ಲೆ 3100 ಎಂಬ ಅರ್ಧ ಟನ್ನಿನ ಪಿಕಪ್ ಲಾರಿಯನ್ನು ಸುಮಾರು 1,200 ಡಾಲರಿಗೆ ಹೊಚ್ಚಹೊಸದಾಗಿ ಮನೆಗೆ ತರಬಹುದಿತ್ತು. ಹಣದುಬ್ಬರ ಲೆಕ್ಕ ಹಾಕಿದರೆ ಅದು ಇಂದಿನ 15-16 ಸಾವಿರ ಡಾಲರ್. ಅದೇ ಲಾರಿ ಈಗ ಹೊಲದ ಮೂಲೆಯಲ್ಲಿ ತುಕ್ಕು ಹಿಡಿದು ನಿಂತಿದ್ದರೆ, ಅದನ್ನು ಗುಜರಿ ಬೆಲೆಗೆ ಕೊಂಡವರೂ ಮೊದಲಿನಂತೆ ಮಾಡಿಸುವ ಹೊತ್ತಿಗೆ ಆ ಹೊಸ ಲಾರಿಯ ಬೆಲೆಯ ಹಲವು ಪಟ್ಟು ಹಣ ಸುರಿದಿರುತ್ತಾರೆ. ಹೊಸದನ್ನು ಮಾಡುವುದಕ್ಕಿಂತ ಹಳೆಯದನ್ನು ಸರಿಪಡಿಸುವುದು ಇಷ್ಟೇಕೆ ದುಬಾರಿ? ಇದಕ್ಕೆ ಉತ್ತರ ಆ ಲಾರಿಯ ತಗಡು, ಬೇರಿಂಗು, ತಂತಿಗಳಲ್ಲೇ ಇದೆ.

ಜನರಲ್ ಮೋಟಾರ್ಸ್ ಈ ಮಾದರಿಯನ್ನು 1947ರಲ್ಲಿ ಮಾರುಕಟ್ಟೆಗೆ ಬಿಟ್ಟು 1955ರ ಆರಂಭದವರೆಗೂ ತಯಾರಿಸಿತು. ಹಳೆ ಲಾರಿಗಳ ಹವ್ಯಾಸಿಗಳಿಗೆ ಇಂದಿಗೂ ಇದು ಅಚ್ಚುಮೆಚ್ಚು. ಆ ಕಂಪನಿಯ ಲಾರಿಗಳು ನಮಗೂ ಅಪರಿಚಿತವಲ್ಲ. 1928ರಲ್ಲಿ ಮುಂಬಯಿಯ ಶಿವಡಿಯಲ್ಲಿ ಶುರುವಾದ ಅದರ ಜೋಡಣೆ ಕಾರ್ಖಾನೆ 1954ರವರೆಗೂ ನಡೆಯಿತು. ಶೆವರ್ಲೆ ಲಾರಿಗಳು ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಹೊರೆ ಹೊತ್ತಿವೆ.

ಮೊದಲು ಆ ಲಾರಿ ಅಗ್ಗವಾಗಿದ್ದುದು ಹೇಗೆಂದು ನೋಡಬೇಕು. ಮಡ್‌ಗಾರ್ಡಿನ ಉಬ್ಬುತಗ್ಗುಗಳನ್ನು ಕಾರ್ಖಾನೆಯಲ್ಲಿ ಯಾರೂ ಸುತ್ತಿಗೆಯಿಂದ ಬಡಿದು ಮಾಡಲಿಲ್ಲ. ಭಾರಿ ಉಕ್ಕಿನ ಅಚ್ಚುಗಳ ನಡುವೆ ಸಪಾಟಾದ ತಗಡನ್ನಿಟ್ಟು ಪ್ರೆಸ್ಸು ಒತ್ತಿದರೆ ಕೆಲವೇ ಸೆಕೆಂಡುಗಳಲ್ಲಿ ಆಕಾರ ಸಿದ್ಧ. ಅಚ್ಚು ಮಾಡಿಸಲು ಅಪಾರ ಹಣ ಬೇಕು, ನಿಜ. ಆದರೆ ಆ ಖರ್ಚು ಲಕ್ಷಾಂತರ ಲಾರಿಗಳ ಮೇಲೆ ಹಂಚಿಹೋಗುವುದರಿಂದ ಒಂದೊಂದರ ಪಾಲಿಗೆ ಪುಡಿಗಾಸು ಬೀಳುತ್ತದೆ. ಹಳೆ ಲಾರಿಯನ್ನು ಎತ್ತಿ ನಿಲ್ಲಿಸಲು ಹೊರಟವನಿಗೆ ಈ ಹಂಚಿಕೆಯ ಅನುಕೂಲ ಇಲ್ಲ. ಅವನು ಒಂದೇ ಲಾರಿಗಾಗಿ ಒಂದು ಕಾರ್ಖಾನೆ ನಡೆಸಬೇಕು.

ಹೆಚ್ಚಿನ ಹಣ ಹೋಗುವುದು ತಗಡಿನ ಕೆಲಸಕ್ಕೆ. ಕ್ಯಾಬಿನ್ನಿನ ಹಿಂದಿನ ಕೆಳಮೂಲೆಗಳನ್ನು ನೋಡಿ. ಅಲ್ಲಿ ಎರಡು ತಗಡುಗಳು ಒಂದರ ಮೇಲೊಂದು ಕೂತಿರುತ್ತವೆ. ಬಾಗಿಲ ಸಂದಿಯಿಂದ ಇಳಿದ ನೀರು ಮತ್ತು ಮಣ್ಣು ಅವುಗಳ ನಡುವೆ ಸೇರಿ, ಒಣಗಲು ಗಾಳಿ ಸಿಗದೆ ಅಲ್ಲೇ ಉಳಿಯುತ್ತವೆ. ಕಬ್ಬಿಣವು ತುಕ್ಕಾದಾಗ ಮೊದಲಿಗಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಹಾಗೆ ಊದಿಕೊಂಡ ತುಕ್ಕು ಎರಡು ತಗಡುಗಳನ್ನೂ ದೂರ ತಳ್ಳುತ್ತದೆ, ಸಂದಿ ಅಗಲವಾಗುತ್ತದೆ, ಇನ್ನಷ್ಟು ನೀರು ಒಳಸೇರುತ್ತದೆ. ಹೊರಗೆ ಬಣ್ಣದ ಮೇಲೆ ಎರಡು ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಲೋಹವೇ ಇರುವುದಿಲ್ಲ. ಸ್ಕ್ರೂಡ್ರೈವರಿನಿಂದ ಒತ್ತಿದರೆ ತೂರಿಹೋಗುತ್ತದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಉತ್ತರದ ರಾಜ್ಯಗಳಲ್ಲಿ ಈ ಕ್ರಿಯೆ ಇನ್ನೂ ಚುರುಕು. ಅರಿಜೋನಾದಂಥ ಒಣ ಪ್ರದೇಶದ ಲಾರಿಗಳನ್ನು ಹವ್ಯಾಸಿಗಳು ಹುಡುಕಿಕೊಂಡು ಹೋಗುವುದು ಅದಕ್ಕಾಗಿಯೇ.

ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡು ಕೂರಿಸುವುದು ತಾಳ್ಮೆಯ ಕೆಲಸ. ವೆಲ್ಡಿಂಗಿನಲ್ಲಿ ಕಾದ ಲೋಹ ಹಿಗ್ಗಲು ಹೊರಟಾಗ ಸುತ್ತಲಿನ ತಣ್ಣನೆಯ ಲೋಹ ಅದಕ್ಕೆ ಎಡೆಗೊಡುವುದಿಲ್ಲ. ಹೀಗೆ ಅದುಮಿಕೊಂಡ ಭಾಗ ಆರುವಾಗ ಮೊದಲಿಗಿಂತ ಕುಗ್ಗಿ ಅಕ್ಕಪಕ್ಕದ ತಗಡನ್ನೂ ಎಳೆಯುತ್ತದೆ. ಒಂದೇ ಸಮನೆ ವೆಲ್ಡಿಂಗ್ ಮಾಡಿಕೊಂಡು ಹೋದರೆ ಇಡೀ ಬದಿ ಕಾದ ಎಣ್ಣೆಗೆ ಬಿದ್ದ ಹಪ್ಪಳದಂತೆ ಸೊಟ್ಟಗಾಗುತ್ತದೆ. ಆದ್ದರಿಂದ ಬಲ್ಲವರು ಇಲ್ಲೊಂದು ಚುಕ್ಕೆ, ಅಂಗೈ ದೂರದಲ್ಲಿ ಇನ್ನೊಂದು ಚುಕ್ಕೆ ಹಾಕಿ, ಆರಲು ಬಿಟ್ಟು, ಮತ್ತೆ ನಡುವೆ ಮತ್ತೊಂದು ಹಾಕುತ್ತಾರೆ. ಆಮೇಲೆ ಸುತ್ತಿಗೆ ಹಿಡಿದು ಮಟ್ಟ ಮಾಡಿ, ಉಜ್ಜಿ, ಮತ್ತೆ ಕೈಯಾಡಿಸಿ ನೋಡುತ್ತಾರೆ. ಒಂದೇ ಮೂಲೆಗೆ ದಿನಗಟ್ಟಲೆ ಹಿಡಿಯುತ್ತದೆ. ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಅರ್ಧ ದಿನದಲ್ಲಿ ಮುಗಿದೀತು. ಆದರೆ ಒಳಗಿನ ತುಕ್ಕು ಉಳಿದುಕೊಂಡು, ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಗುಳ್ಳೆಗಳು ಮತ್ತೆ ಏಳುತ್ತವೆ.

ಇನ್ನು ಎಂಜಿನ್. ಆರು ಸಿಲಿಂಡರಿನ, ಸುಮಾರು 3.5 ಲೀಟರಿನ, 90 ಅಶ್ವಶಕ್ತಿಯ ಗಟ್ಟಿಮುಟ್ಟಾದ ಯಂತ್ರ ಅದು. ಅದರ ಕನೆಕ್ಟಿಂಗ್ ರಾಡುಗಳ ಕೆಳತುದಿಯಲ್ಲಿ ಈಗಿನಂತೆ ತೆಗೆದು ಬದಲಿಸುವ ಬೇರಿಂಗ್ ಇಲ್ಲ. ಬ್ಯಾಬಿಟ್ ಎಂಬ ಮೆದು ಮಿಶ್ರಲೋಹವನ್ನು ಕರಗಿಸಿ ರಾಡಿಗೇ ಎರಕ ಹೊಯ್ದಿರುತ್ತಾರೆ. ತವರ, ಆಂಟಿಮನಿ, ತಾಮ್ರ ಬೆರೆಸಿದ ಈ ಲೋಹವನ್ನು 1839ರಲ್ಲಿ ರೂಪಿಸಿದವನು ಐಸಾಕ್ ಬ್ಯಾಬಿಟ್. ಎಣ್ಣೆಯಲ್ಲಿ ಕಸದ ಕಣ ಬಂದರೆ ಬ್ಯಾಬಿಟ್ ಅದನ್ನು ತನ್ನೊಳಗೆ ಹುದುಗಿಸಿಕೊಂಡು ದುಬಾರಿ ಕ್ರ್ಯಾಂಕ್‌ಶಾಫ್ಟಿಗೆ ಗೀರು ಬೀಳದಂತೆ ಕಾಯುತ್ತದೆ. ಸವೆದಾಗ ಹಳೆಯದನ್ನು ಕರಗಿಸಿ ತೆಗೆದು, ಹೊಸದನ್ನು ಹೊಯ್ದು, ಶಾಫ್ಟಿನ ಅಳತೆಗೆ ಮಿಲಿಮೀಟರಿನ ನೂರರ ಕೆಲವೇ ಭಾಗದಷ್ಟು ಸಂದಿ ಉಳಿಯುವಂತೆ ಕೊರೆಯಬೇಕು. ಹಿಂದೆ ಇದು ಊರೂರಲ್ಲಿ ಸಿಗುತ್ತಿದ್ದ ಕೆಲಸ. ಈಗ ಬಲ್ಲವರು ವಿರಳ, ಆದ್ದರಿಂದ ದರವೂ ಹೆಚ್ಚು. ಅನೇಕರು ಇದನ್ನು ತಪ್ಪಿಸಲು 1954ರ ಮಾದರಿಯ, ಬದಲಿಸಬಲ್ಲ ಬೇರಿಂಗುಗಳಿರುವ ಎಂಜಿನ್ ಕೂರಿಸುತ್ತಾರೆ. ಓಡಿಸುವ ಆಸೆಯಿದ್ದವರಿಗೆ ಅದು ಜಾಣತನ. ಮೂಲ ರೂಪವೇ ಬೇಕೆನ್ನುವವರು ಎರಕದವರನ್ನು ಹುಡುಕಲೇಬೇಕು.

ನಿಂತ ಲಾರಿಯಲ್ಲಿ, ಓಡುವ ಲಾರಿಗಿಂತ ಬೇಗ ಹಾಳಾಗುವ ಭಾಗಗಳೂ ಇವೆ. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುತ್ತದೆ, ಆ ತೇವ ವೀಲ್ ಸಿಲಿಂಡರಿನ ಒಳಗೋಡೆಯನ್ನು ಕೊರೆಯುತ್ತದೆ. ಟಯರು ಒಂದು ಮೈಲಿಯೂ ಓಡದಿದ್ದರೂ ಆಮ್ಲಜನಕ ಮತ್ತು ಓಜೋನಿಗೆ ಸಿಕ್ಕು ಬಿರುಕು ಬಿಡುತ್ತದೆ. ಹತ್ತಿನೂಲು ಸುತ್ತಿದ ತಂತಿಗಳು ಮುಟ್ಟಿದರೆ ಉದುರುತ್ತವೆ. ತಂತಿಯಲ್ಲಿ ಕಾಸು ಉಳಿಸಲು ಹೋದವರು ಕೈ ಸುಟ್ಟುಕೊಳ್ಳುತ್ತಾರೆ, ಏಕೆಂದರೆ ಈ ಲಾರಿಯದು 6 ವೋಲ್ಟಿನ ವ್ಯವಸ್ಥೆ. 45 ವಾಟಿನ ಹೆಡ್‌ಲೈಟಿಗೆ 12 ವೋಲ್ಟಿನಲ್ಲಿ 3.75 ಆಂಪಿಯರ್ ಸಾಕು, 6 ವೋಲ್ಟಿನಲ್ಲಿ 7.5 ಆಂಪಿಯರ್ ಬೇಕು. ವಿದ್ಯುತ್ ಪ್ರವಾಹ ಇಮ್ಮಡಿಯಾದರೆ ಅದೇ ತಂತಿಯಲ್ಲಿ ಶಾಖವಾಗಿ ಪೋಲಾಗುವ ಶಕ್ತಿ ನಾಲ್ಕು ಪಟ್ಟು. ಈಗಿನ ಕಾರಿನ ಸಣ್ಣ ತಂತಿ ಎಳೆದರೆ ದೀಪ ಮಂಕಾಗುತ್ತದೆ, ಸೆಲ್ಫ್ ತಿಣುಕುತ್ತದೆ.

ಇವೆಲ್ಲವನ್ನೂ ಕೂಡಿಸಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಬಿಡಿಭಾಗಗಳಿಗಿಂತ ಹೆಚ್ಚು ಹಣ ಹೋಗುವುದು ಮನುಷ್ಯರ ದುಡಿಮೆಯ ಗಂಟೆಗಳಿಗೆ. ಚಾಸಿಯವರೆಗೂ ಬಿಚ್ಚಿ ಮತ್ತೆ ಕಟ್ಟಲು ಸಾವಿರ ಗಂಟೆ ಹಿಡಿಯಿತೆಂದು ಇಟ್ಟುಕೊಳ್ಳೋಣ. ಗ್ಯಾರೇಜಿನವರು ಗಂಟೆಗೆ 100 ಡಾಲರ್ ಕೇಳಿದರೆ ಕೂಲಿಯೇ 1 ಲಕ್ಷ ಡಾಲರ್. ಮಾರಿದರೆ ಆ ಹಣ ಹಿಂದಿರುಗುವುದು ಅಪರೂಪ. ಅದೇ ಕೆಲಸವನ್ನು ಹವ್ಯಾಸಿ ತಾನೇ ಕಲಿತು, ಭಾನುವಾರಕ್ಕೆ ಎಂಟು ಗಂಟೆಯಂತೆ ಮಾಡಿದರೆ 125 ಭಾನುವಾರ, ಅಂದರೆ ಸುಮಾರು ಎರಡೂವರೆ ವರ್ಷ. ಖರ್ಚು ತಪ್ಪುವುದಿಲ್ಲ, ಡಾಲರಿನ ಬದಲು ಆಯುಷ್ಯದ ಗಂಟೆಗಳಲ್ಲಿ ತೆರಬೇಕಾಗುತ್ತದೆ.

ಹಾಗಾಗಿ ಕೊಳ್ಳುವವರಿಗೆ ನನ್ನ ಸಲಹೆ ಮೂರು. ಎಂಜಿನ್ ಸದ್ದು ಕೇಳಿ ಮರುಳಾಗದೆ ತಗಡು ಗಟ್ಟಿಯಿರುವ ಲಾರಿಯನ್ನೇ ಆರಿಸಿ. ಲಕ್ಷಗಟ್ಟಲೆ ತಯಾರಾದ ಮಾದರಿಯನ್ನೇ ಹಿಡಿಯಿರಿ. ಶೆವರ್ಲೆಯ ಮಡ್‌ಗಾರ್ಡು, ಬಾಗಿಲ ರಬ್ಬರು, ಹಿಂಬದಿಯ ಮರದ ಹಲಗೆಗಳನ್ನು ಇಂದಿಗೂ ಹೊಸದಾಗಿ ತಯಾರಿಸಿ ಮಾರುತ್ತಾರೆ, ಏಕೆಂದರೆ ಅಚ್ಚಿನ ಖರ್ಚನ್ನು ಹಂಚಿಕೊಳ್ಳಲು ಸಾವಿರಾರು ಹವ್ಯಾಸಿಗಳಿದ್ದಾರೆ. ಬೆರಳೆಣಿಕೆಯಷ್ಟು ಉಳಿದ ಲಾರಿಯಾದರೆ ಪ್ರತಿ ತುಣುಕನ್ನೂ ಕೈಯಿಂದಲೇ ಮಾಡಿಸಬೇಕು. ಕೊನೆಯದಾಗಿ, ಬಣ್ಣಕ್ಕೆ ಮೊದಲು ಬ್ರೇಕಿಗೆ ಹಣ ಎತ್ತಿಡಿ.

ನಮ್ಮಲ್ಲೂ 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ, ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿತು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಬಾಡಿಗೆ, ವ್ಯಾಪಾರಕ್ಕೆ ಆ ವಾಹನ ಬಳಸುವಂತಿಲ್ಲ. ಕಾಗದಪತ್ರಕ್ಕೆ ದಾರಿಯಾಯಿತು. ಆದರೆ ಚುಕ್ಕೆ ಚುಕ್ಕೆಯಾಗಿ ವೆಲ್ಡಿಂಗ್ ಮಾಡಿ ತಗಡನ್ನು ಮಟ್ಟಕ್ಕೆ ತರುವ, ಬ್ಯಾಬಿಟ್ ಹೊಯ್ಯುವ, ಲೇತಿನ ಮುಂದೆ ನಿಂತು ಸಿಗದ ಬುಷ್ಷನ್ನು ಕಡೆದು ಕೊಡುವ ಕೈಗಳಿಗೆ ಕೆಲಸ ಸಿಗುತ್ತಿದ್ದರೆ ಮಾತ್ರ ಆ ವಿದ್ಯೆ ಮುಂದಿನವರಿಗೆ ದಾಟುತ್ತದೆ. ಹಳೆ ಲಾರಿಗೆ ಹಾಕಿದ ಹಣವನ್ನು ಲಾಭನಷ್ಟದಲ್ಲಿ ಅಳೆದರೆ ನಷ್ಟವೇ ಹೆಚ್ಚು. ಆ ಹಣದ ಬಹುಪಾಲು ಒಬ್ಬ ನುರಿತ ಕೆಲಸಗಾರನ ಕೂಲಿಯಾಗಿ, ಅವನ ಪಕ್ಕದಲ್ಲಿ ನಿಂತು ಕಲಿಯುವ ಹುಡುಗನ ಪಾಠವಾಗಿ ಹೋಗುತ್ತದೆ ಎಂಬ ಕಾರಣಕ್ಕೇ ಅದು ಹಾಕತಕ್ಕ ಹಣ ಎಂದು ನಾನು ನಂಬುತ್ತೇನೆ.