ಬಾಣಂತಿಯ ತಟ್ಟೆ, ಕೂಸಿನ ಹಾಲು

ಕಾಗಿನೆಲೆಯ ಆದಿಕೇಶವನ ಗುಡಿಗೆ ಹೋದಾಗಲೆಲ್ಲ ನನಗೆ ಕನಕದಾಸರ ‘ರಾಮಧಾನ್ಯ ಚರಿತೆ’ ನೆನಪಾಗುತ್ತದೆ. ಅಕ್ಕಿಗೂ ರಾಗಿಗೂ ವಾದ ಹಚ್ಚಿ, ಉಳ್ಳವರ ಧಾನ್ಯದೆದುರು ಬಡವರ ಧಾನ್ಯವನ್ನು ಗೆಲ್ಲಿಸಿದ ಕಾವ್ಯ ಅದು. ನಾವೆಲ್ಲ ಅದನ್ನು ಜಾತಿ-ವರ್ಗಗಳ ರೂಪಕವಾಗಿಯೇ ಓದಿಕೊಂಡು ಬಂದಿದ್ದೇವೆ. ಈಚೆಗೆ ಅದೇ ಊರಿನ ಒಂದು ಮನೆಯಲ್ಲಿ ಬಾಣಂತಿಯ ಊಟದ ತಟ್ಟೆಯನ್ನು ಕಂಡ ಮೇಲೆ, ಆ ವಾದಕ್ಕೆ ಅಕ್ಷರಶಃ ಅರ್ಥವೂ ಇದೆಯಲ್ಲವೇ ಎಂದು ನನಗೆ ಅನ್ನಿಸಿತು.

ಹೆರಿಗೆಯಾಗಿ ತಿಂಗಳು ಕಳೆದಿತ್ತು. ತಟ್ಟೆಯಲ್ಲಿ ಬಿಳಿ ಅನ್ನ, ತುಪ್ಪ, ಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ. ಬೇಳೆ ಇಲ್ಲ, ಕೂಸಿಗೆ ವಾಯುವಾಗುತ್ತದಂತೆ. ಸೊಪ್ಪಿಲ್ಲ, ಕೂಸು ಹಸಿರಾಗಿ ಭೇದಿ ಮಾಡುತ್ತದಂತೆ. ಜೋಳದ ರೊಟ್ಟಿ ಜಡವಂತೆ. ನೀರನ್ನು ಕೂಡ ಲೋಟದಲ್ಲಿ ಅಳೆದೇ ಕೊಡುತ್ತಿದ್ದರು. ಅಂಟಿನುಂಡಿ, ಅಳ್ವಿ ಪಾಯಸ ಮೊದಲ ವಾರಕ್ಕೇ ಮುಗಿದಿದ್ದವು. ಗೂಡಿನಲ್ಲಿ ಹಾಲಿನ ಪುಡಿಯ ಡಬ್ಬಿಯೊಂದು ಕೂತಿತ್ತು. ಅದೇಕೆಂದು ಕೇಳಿದೆ. ‘ಎದಿ ಹಾಲು ನೀರಿನಂಗ ಐತ್ರಿ, ಅದಕ್ಕ ತರಸೇವಿ’ ಎಂದರು ಅತ್ತೆ. ಬಾಣಂತಿ ಮಾತಾಡಲಿಲ್ಲ.

ಬಾಣಂತಿ ಉಂಡದ್ದು ಹಾಲಿಗೆ ಇಳಿಯುತ್ತದೆಯೇ? ವಿಜ್ಞಾನದ ಉತ್ತರ ಅರ್ಧ ಹೌದು, ಅರ್ಧ ಅಲ್ಲ. ಯಾವ ಅರ್ಧ ಯಾವುದು ಎಂಬಲ್ಲಿಯೇ ನಮ್ಮ ಮನೆಗಳು ಎಡವುತ್ತಿವೆ.

ಈ ಪ್ರಶ್ನೆಯನ್ನು ನಮ್ಮ ದೇಶದಲ್ಲಿ ಗಂಭೀರವಾಗಿ ಕೈಗೆತ್ತಿಕೊಂಡವರು ಡಾ. ಸಿ. ಗೋಪಾಲನ್. 1950ರ ದಶಕದಲ್ಲಿ, ಪೋಷಣಾ ಸಂಶೋಧನಾಲಯವು ಇನ್ನೂ ಕೂನೂರಿನಲ್ಲಿದ್ದಾಗ, ಅವರು ಬಡ ತಾಯಂದಿರ ಹಾಲನ್ನು ಪರೀಕ್ಷಿಸಿದರು. (ಮುಂದೆ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂದು ಹೆಸರಾದದ್ದು ಇದೇ ಸಂಶೋಧನಾಲಯ.) ಅರೆಹೊಟ್ಟೆಯ ಆ ಹೆಂಗಸರ ಹಾಲಿನಲ್ಲಿಯೂ ಪ್ರೋಟೀನು, ಸಕ್ಕರೆ ಹೆಚ್ಚುಕಡಿಮೆ ಉಂಡುಟ್ಟವರ ಹಾಲಿನಷ್ಟೇ ಇದ್ದವು. ಕೊರತೆ ಕಂಡದ್ದು ಮುಖ್ಯವಾಗಿ ಜೀವಸತ್ವಗಳಲ್ಲಿ. ಅನಂತರ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳ ಸಾರವೂ ಬಹುಮಟ್ಟಿಗೆ ಇದೇ. ಸುಣ್ಣ, ಕಬ್ಬಿಣ, ಸತು, ಫೋಲೇಟ್ ತಾಯಿಯ ಊಟ ಹೇಗಿದ್ದರೂ ಹಾಲಿನಲ್ಲಿ ತಮ್ಮ ಮಟ್ಟ ಕಾಯ್ದುಕೊಳ್ಳುತ್ತವೆ. ಸುಣ್ಣ ಸಾಲದಿದ್ದರೆ ದೇಹ ಅದನ್ನು ತಾಯಿಯ ಮೂಳೆಯಿಂದಲೇ ಎತ್ತಿ ಕೊಡುತ್ತದೆ. ಕೂಸು ಹಾಲು ಬಿಟ್ಟ ಮೇಲೆ ಮೂಳೆ ಮತ್ತೆ ತುಂಬಿಕೊಳ್ಳುತ್ತದೆ. ಕೊಬ್ಬಿನ ಪ್ರಮಾಣಕ್ಕಿಂತ ಅದರ ಬಗೆ ಹೆಚ್ಚು ಬದಲಾಗುತ್ತದೆ: ತಾಯಿ ತಿಂದ ಎಣ್ಣೆ, ಮೀನುಗಳ ಗುರುತು ಹಾಲಿನ ಕೊಬ್ಬಿನಲ್ಲಿ ಸಿಗುತ್ತದೆ.

ಹಾಗಾದರೆ ‘ನೀರಿನಂಥ ಹಾಲು’ ಎಂದರೇನು? ಹಿಂಡಿ ನೋಡಿದಾಗ ಮೊದಲು ಬರುವ ಹಾಲು ಯಾವ ತಾಯಿಯದಾದರೂ ತೆಳ್ಳಗೇ. ಕೂಸು ಕುಡಿಯುತ್ತ ಹೋದಂತೆ ಕೊಬ್ಬು ಏರುತ್ತದೆ. ನಾಲ್ಕು ಹನಿ ಅಂಗೈಗೆ ಹಾಕಿಕೊಂಡು ಕೊಟ್ಟ ತೀರ್ಪಿನಿಂದ ಡಬ್ಬಿ ಮನೆಗೆ ಬರುತ್ತದೆ. ಡಬ್ಬಿ ಬಂದ ಮೇಲೆ ಕೂಸು ಎದೆ ಕಚ್ಚುವುದು ಕಡಿಮೆಯಾಗಿ, ಹಾಲು ನಿಜಕ್ಕೂ ಬತ್ತುತ್ತದೆ. ಡಬ್ಬಿಯ ಜಾಹೀರಾತನ್ನು ತಡೆಯುವ ಕಾನೂನು 1992ರಿಂದಲೇ ಇದೆ. ಅತ್ತೆಯ ಅಂಗೈಯ ಮೇಲೆ ಅದು ನಡೆಯುವುದಿಲ್ಲ.

ಇನ್ನೊಂದು ಅರ್ಧ ನನಗೆ ಹೆಚ್ಚು ಕಳವಳ ತರುತ್ತದೆ. ಬಿ ಗುಂಪಿನ ಹಲವು ಜೀವಸತ್ವಗಳು, ಎ ಜೀವಸತ್ವ, ಅಯೋಡಿನ್ ತಾಯಿ ಉಣ್ಣದಿದ್ದರೆ ಹಾಲಿಗೆ ಇಳಿಯುವುದಿಲ್ಲ. ಇದರ ಕರಾಳ ರೂಪವನ್ನು ತೋರಿಸಿದವರು ನಮ್ಮವರೇ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎದೆಹಾಲನ್ನಷ್ಟೇ ಕುಡಿಯುತ್ತಿದ್ದ, ಕೆಲವೇ ತಿಂಗಳ ಕೂಸುಗಳು ಉಸಿರು ಕಟ್ಟಿ, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡವೇರಿ ಆಸ್ಪತ್ರೆಗೆ ಬರುತ್ತಿದ್ದವು. ಹೃದಯದಲ್ಲಿ ಹುಟ್ಟುದೋಷವಿಲ್ಲ. ಅವುಗಳ ತಾಯಂದಿರು ಪಥ್ಯದ ಹೆಸರಿನಲ್ಲಿ ಪಾಲಿಶ್ ಮಾಡಿದ ಅಕ್ಕಿಯ ಅನ್ನವನ್ನೇ ಮುಖ್ಯವಾಗಿ ಉಣ್ಣುತ್ತಿದ್ದರು. ಕೂಸುಗಳಿಗೆ ಥಯಮಿನ್, ಅಂದರೆ ಬಿ1 ಜೀವಸತ್ವ ಕೊಟ್ಟಾಗ ಬಹುತೇಕ ಕೂಸುಗಳು ಬೇಗನೆ ಚೇತರಿಸಿಕೊಂಡವು. ಪಠ್ಯಪುಸ್ತಕಗಳಲ್ಲಿ ಹಳೆಯ ಕಾಯಿಲೆಯೆಂದು ಓದಿದ್ದ ಬೆರಿಬೆರಿಯೇ ಬಾಣಂತಿಯ ಕೋಣೆಯಲ್ಲಿ ಉಳಿದುಕೊಂಡಿತ್ತು.

ಲೆಕ್ಕ ಸರಳ. 100 ಗ್ರಾಂ ಬಿಳಿ ಅಕ್ಕಿಯಲ್ಲಿ ಥಯಮಿನ್ ಸುಮಾರು 0.05 ಮಿಲಿಗ್ರಾಂ. ಜೋಳ, ರಾಗಿಗಳಲ್ಲಿ ಅದರ ಆರೇಳು ಪಟ್ಟು. ತೌಡಿನೊಡನೆ ಹೋದದ್ದು ಹೋಯಿತು. ಉಳಿದದ್ದರಲ್ಲಿ ಒಂದು ಪಾಲು ಅಕ್ಕಿ ತೊಳೆದ ನೀರಿನಲ್ಲಿ, ಇನ್ನೊಂದು ಪಾಲು ಬಸಿದ ಗಂಜಿಯಲ್ಲಿ ಹೋಗುತ್ತದೆ. ದೇಹದಲ್ಲಿ ಇದರ ದಾಸ್ತಾನು ಕೆಲವೇ ವಾರಗಳಿಗೆ ಸಾಕಾಗುವಷ್ಟು. ತಾಯಿಗೆ ಕೈಕಾಲು ಜೋಮು ಹಿಡಿದೀತು, ಒಮ್ಮೊಮ್ಮೆ ಅದೂ ಇಲ್ಲ. ಕೂಸು ಮಾತ್ರ ಹಾಲು ಬಿಟ್ಟು, ವಾಂತಿ ಮಾಡಿ, ದನಿ ಅಡಗಿ ಅಳತೊಡಗುತ್ತದೆ.

ಬಿ12 ಇದರ ಸೋದರ ಕಥೆ. ವೆಲ್ಲೂರಿನ ವೈದ್ಯರು 1962ರಲ್ಲಿಯೇ, ಬಿ12 ಕೊರತೆಯ ತಾಯಂದಿರ ಹಾಲನ್ನಷ್ಟೇ ಕುಡಿದು ಬೆಳವಣಿಗೆ ಹಿಂದೆಬಿದ್ದ ಕೂಸುಗಳ ಬಗ್ಗೆ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದಿದ್ದರು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು 2014ರಲ್ಲಿ ಅದರ ಮರುಮುಖ ತೋರಿಸಿದರು: ಗರ್ಭಿಣಿಯರಿಗೆ, ಹೆರಿಗೆಯ ನಂತರ ಆರು ವಾರಗಳವರೆಗೆ, ದಿನಕ್ಕೆ 50 ಮೈಕ್ರೋಗ್ರಾಂ ಬಿ12 ಕೊಟ್ಟರೆ ಹಾಲಿನಲ್ಲಿಯೂ ಕೂಸಿನ ರಕ್ತದಲ್ಲಿಯೂ ಅದು ಏರುತ್ತದೆ. ಹಾಲು, ಮೊಸರು, ಮೊಟ್ಟೆಗಳೂ ಇದಕ್ಕೆ ದಾರಿಯೇ.

ಬ್ಯಾಡಗಿ ಮೆಣಸಿನಕಾಯಿಯ ಸೀಮೆಯಲ್ಲಿ ಕೂತು ಒಂದು ಮಾತು ಹೇಳಲೇಬೇಕು. ಬಾಣಂತಿಗೆ ಬೆಳ್ಳುಳ್ಳಿ ಕೊಡುವ ನಮ್ಮ ಅಜ್ಜಿಯರ ಮೇಲೆ ನನಗೆ ಗೌರವವಿದೆ. ಅಮೆರಿಕದಲ್ಲಿ 1991ರಲ್ಲಿ ನಡೆದ ಪ್ರಯೋಗವೊಂದರಲ್ಲಿ ತಾಯಿ ಬೆಳ್ಳುಳ್ಳಿ ತಿಂದ ಎರಡು ಗಂಟೆಗೆ ಹಾಲಿಗೆ ಅದರ ವಾಸನೆ ಬಂತು; ಕೂಸುಗಳು ಮುಖ ತಿರುಗಿಸುವ ಬದಲು ಇನ್ನಷ್ಟು ಹೊತ್ತು ಎದೆಗಂಟಿಕೊಂಡವು. ಅಂಟು, ಕೊಬ್ಬರಿ, ಬೆಲ್ಲದ ಉಂಡೆಯಲ್ಲಿಯೂ ವಿವೇಕವಿದೆ. ಹಾಲೂಡಿಸುವ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಹೆಚ್ಚು ಬೇಕೆಂದು ಪೋಷಣಾ ಸಂಸ್ಥೆಯೂ ಹೇಳುತ್ತದೆ. ನನ್ನ ತಕರಾರು ಅಜ್ಜಿ ಕೊಟ್ಟದ್ದರ ಬಗ್ಗೆ ಅಲ್ಲ, ತಡೆದದ್ದರ ಬಗ್ಗೆ. ತಾಯಿ ತಿಂದ ಬೇಳೆಯ ವಾಯು ರಕ್ತ ದಾಟಿ ಹಾಲಿಗೆ ಬರುವುದಿಲ್ಲ. ಹಿಂದೆ ಪಥ್ಯ ಮುಗಿದೊಡನೆ ರೊಟ್ಟಿ ಕಾದಿರುತ್ತಿತ್ತು. ಈಗ ಹೊಲಗಳಲ್ಲಿ ಬಿಳಿಜೋಳದ ಜಾಗವನ್ನು ಗೋವಿನಜೋಳವೂ ಹತ್ತಿಯೂ ಹಿಡಿದಿವೆ. ಪಡಿತರದ ಅಕ್ಕಿ ಮನೆ ತುಂಬಿದೆ. ಪಥ್ಯ ಮುಗಿದರೂ ಅನ್ನವೇ.

ರಾಜ್ಯ ಸರ್ಕಾರ 2017ರ ಅಕ್ಟೋಬರ್ 2ರಂದು ಆರಂಭಿಸಿದ ಮಾತೃಪೂರ್ಣ ಯೋಜನೆ ಇದನ್ನೆಲ್ಲ ಅರಿತೇ ರೂಪುಗೊಂಡಂತಿದೆ. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಅನ್ನ, ಸಾಂಬಾರು, ಮೊಟ್ಟೆ, ಹಾಲು, ಚಿಕ್ಕಿಯ ಬಿಸಿಯೂಟ. ನಾನು ಕಂಡ ಬಾಣಂತಿ ಬಸುರಿಯಾಗಿದ್ದಾಗ ಅಲ್ಲಿ ಉಂಡು ಬರುತ್ತಿದ್ದಳು. ಊಟದ ಅಗತ್ಯ ಹೆಚ್ಚಾದ ಈ ತಿಂಗಳುಗಳಲ್ಲಿ ಆಕೆ ಹೊಸಿಲು ದಾಟುವಂತಿಲ್ಲ.

ಹೊರಡುವ ಮುನ್ನ ಅತ್ತೆಯೊಡನೆ ಅರ್ಧ ಗಂಟೆ ಮಾತಾಡಿದೆ. ಹೆಸರುಬೇಳೆಯ ಕಟ್ಟಿಗೆ ಒಪ್ಪಿದರು. ಮೆತ್ತನೆಯ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡಬಹುದೇ ಎಂದು ಅವರೇ ಕೇಳಿದರು. ಸೊಪ್ಪಿನ ಮಾತಿಗೆ ಮಾತ್ರ ತಲೆಯಾಡಿಸಿ, ‘ಐದು ತಿಂಗಳಾಗಲಿ ತಡೀರಿ’ ಎಂದರು. ಡಬ್ಬಿಯ ಮುಚ್ಚಳ ಇನ್ನೂ ತೆರೆದಿರಲಿಲ್ಲ. ಅಷ್ಟರಲ್ಲಿ ಕೂಸು ಎದ್ದು ಅತ್ತಿತು; ದನಿ ಗಟ್ಟಿಯಾಗಿಯೇ ಇತ್ತು.