ಆಂತರಿಕ ದೂರು ಸಮಿತಿ (ಉನ್ನತ ಶಿಕ್ಷಣ)

ಆಂತರಿಕ ದೂರು ಸಮಿತಿಯು ಭಾರತದ ವಿಶ್ವವಿದ್ಯಾಲಯ ಮತ್ತು ಕಾಲೇಜುಗಳಲ್ಲಿ ಲೈಂಗಿಕ ಕಿರುಕುಳದ ದೂರುಗಳನ್ನು ಸ್ವೀಕರಿಸಿ, ಗೋಪ್ಯವಾಗಿ ವಿಚಾರಣೆ ನಡೆಸಿ, ಕ್ರಮಕ್ಕೆ ಶಿಫಾರಸು ಮಾಡುವ ಶಾಸನಬದ್ಧ ಸಮಿತಿ. ವಿದ್ಯಾರ್ಥಿಗಳ ನಡುವೆ ಐಸಿಸಿ ಎಂಬ ಹೆಸರು ಬಳಕೆಯಲ್ಲಿದೆ. ಸಮಿತಿಯ ಗೋಪ್ಯತೆಯನ್ನು ಅನಾಮಧೇಯತೆಯೆಂದು ತಿಳಿಯುವುದು ಸಾಮಾನ್ಯವಾದ ತಪ್ಪು ಕಲ್ಪನೆ. ದೂರುದಾರರ ಹೆಸರನ್ನು ಸಾರ್ವಜನಿಕಗೊಳಿಸುವಂತಿಲ್ಲ. ಆದರೆ ಆರೋಪಕ್ಕೆ ಒಳಗಾದವರಿಗೆ ಅದು ತಿಳಿಯುತ್ತದೆ.

ಹಿನ್ನೆಲೆ

ರಾಜಸ್ಥಾನದಲ್ಲಿ ಬಾಲ್ಯವಿವಾಹ ತಡೆಯಲು ಶ್ರಮಿಸುತ್ತಿದ್ದ ಸರ್ಕಾರಿ ಕಾರ್ಯಕ್ರಮದ ಕಾರ್ಯಕರ್ತೆಯೊಬ್ಬರ ಮೇಲೆ 1992ರಲ್ಲಿ ಸಾಮೂಹಿಕ ಅತ್ಯಾಚಾರ ನಡೆಯಿತು. ಇದರ ಬೆನ್ನಲ್ಲೇ ಮಹಿಳಾ ಸಂಘಟನೆಗಳು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1997ರ ಆಗಸ್ಟ್ 13ರಂದು ‘ವಿಶಾಖಾ’ ಮಾರ್ಗಸೂಚಿಗಳನ್ನು ನೀಡಿ, ಕೆಲಸದ ಸ್ಥಳಗಳಲ್ಲಿ ದೂರು ಸಮಿತಿಗಳನ್ನು ಕಡ್ಡಾಯಗೊಳಿಸಿತು. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯವು 1999ರಲ್ಲಿ ಚುನಾಯಿತ ವಿದ್ಯಾರ್ಥಿ ಪ್ರತಿನಿಧಿಗಳನ್ನೂ ಒಳಗೊಂಡ ಜಿಎಸ್‌ಕ್ಯಾಶ್ ಎಂಬ ಸಮಿತಿಯನ್ನು ಸ್ಥಾಪಿಸಿತು. 2017ರಲ್ಲಿ ಅದನ್ನು ಕೈಬಿಟ್ಟು ಆಂತರಿಕ ದೂರು ಸಮಿತಿಯನ್ನು ರಚಿಸಿದಾಗ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರಿಂದ ತೀವ್ರ ವಿರೋಧ ವ್ಯಕ್ತವಾಯಿತು.

ಸಂಸತ್ತಿನ ಕಾಯಿದೆ 2013ರ ಡಿಸೆಂಬರ್ 9ರಂದು ಜಾರಿಗೆ ಬಂತು. ವಿಶ್ವವಿದ್ಯಾಲಯ ಅನುದಾನ ಆಯೋಗವು ಉನ್ನತ ಶಿಕ್ಷಣಕ್ಕೆಂದೇ ರೂಪಿಸಿದ 2015ರ ನಿಯಮಾವಳಿಯು 2016ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಕಾಯಿದೆಯು ಮಹಿಳೆಯರ ದೂರುಗಳಿಗೆ ಸೀಮಿತವಾಗಿದ್ದರೆ, ಆಯೋಗದ ನಿಯಮಾವಳಿ ಪುರುಷ ಹಾಗೂ ತೃತೀಯ ಲಿಂಗಿ ವಿದ್ಯಾರ್ಥಿಗಳೂ ಕಿರುಕುಳಕ್ಕೆ ಗುರಿಯಾಗಬಹುದೆಂದು ಗುರುತಿಸುತ್ತದೆ.

ರಚನೆ

ಅಧ್ಯಕ್ಷತೆಯನ್ನು ಹಿರಿಯ ಅಧ್ಯಾಪಕಿಯೊಬ್ಬರು ವಹಿಸುತ್ತಾರೆ. ವಿಶ್ವವಿದ್ಯಾಲಯದಲ್ಲಿ ಅವರು ಪ್ರಾಧ್ಯಾಪಕ ದರ್ಜೆಗಿಂತ ಕೆಳಗಿನವರಾಗಿರಬಾರದು. ಇಬ್ಬರು ಅಧ್ಯಾಪಕರು, ಇಬ್ಬರು ಬೋಧಕೇತರ ನೌಕರರು ಹಾಗೂ ಸ್ವಯಂಸೇವಾ ಸಂಸ್ಥೆಯಿಂದ ಬಂದ ಒಬ್ಬ ಹೊರಗಿನ ಸದಸ್ಯರು ಇರುತ್ತಾರೆ. ಪ್ರಕರಣವು ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದರೆ ಮೂವರು ಚುನಾಯಿತ ವಿದ್ಯಾರ್ಥಿಗಳು ಸೇರುತ್ತಾರೆ. ಕನಿಷ್ಠ ಅರ್ಧದಷ್ಟು ಸದಸ್ಯರು ಮಹಿಳೆಯರಾಗಿರಬೇಕು. ಕುಲಪತಿ, ಕುಲಸಚಿವ, ಡೀನ್, ವಿಭಾಗ ಮುಖ್ಯಸ್ಥರಂತಹ ಅಧಿಕಾರಸ್ಥರು ಸದಸ್ಯರಾಗುವಂತಿಲ್ಲ. ದೂರು ಅವರ ಸಹೋದ್ಯೋಗಿಯ ವಿರುದ್ಧವೇ ಇರಬಹುದಾದ್ದರಿಂದ ಈ ನಿರ್ಬಂಧಕ್ಕೆ ವಿಶೇಷ ಮಹತ್ವವಿದೆ.

ಗೋಪ್ಯತೆ ಮತ್ತು ಅದರ ಮಿತಿ

ಕಾಯಿದೆಯ 16ನೆಯ ಕಲಮಿನಂತೆ ದೂರಿನ ಒಳಹುರುಳು, ದೂರುದಾರರು, ಪ್ರತಿವಾದಿ ಹಾಗೂ ಸಾಕ್ಷಿಗಳ ಗುರುತು ಮತ್ತು ವಿಳಾಸ, ವಿಚಾರಣೆಯ ವಿವರ, ಶಿಫಾರಸು, ಕೈಗೊಂಡ ಕ್ರಮ ಇವುಗಳನ್ನು ಸಾರ್ವಜನಿಕರಿಗೂ ಪತ್ರಿಕೆಗಳಿಗೂ ತಿಳಿಸುವಂತಿಲ್ಲ. ಮಾಹಿತಿ ಹಕ್ಕು ಕಾಯಿದೆಯಡಿಯೂ ಇದಕ್ಕೆ ವಿನಾಯಿತಿಯಿಲ್ಲ. ಗುರುತು ಬಯಲಾಗದಂತೆ, ದೊರಕಿಸಿಕೊಟ್ಟ ನ್ಯಾಯದ ಬಗ್ಗೆ ಮಾತ್ರ ಮಾಹಿತಿ ನೀಡಬಹುದು. ಪ್ರಕರಣವನ್ನು ನಿರ್ವಹಿಸುವ ಹೊಣೆ ಹೊತ್ತವರೇ ಇದನ್ನು ಉಲ್ಲಂಘಿಸಿದರೆ ನಿಯಮಗಳ ಪ್ರಕಾರ 5,000 ರೂಪಾಯಿ ದಂಡ; ಸೋರಿಕೆಯಿಂದಾಗುವ ಹಾನಿಗೆ ಹೋಲಿಸಿದರೆ ಇದು ಅಲ್ಪ ಮೊತ್ತ.

ಆದರೆ ದೂರು ಲಿಖಿತವಾಗಿರಬೇಕು ಮತ್ತು ಅದರ ಪ್ರತಿಯನ್ನು ಸಮಿತಿಯು ಏಳು ದಿನಗಳೊಳಗೆ ಪ್ರತಿವಾದಿಗೆ ಕಳುಹಿಸಬೇಕು. ಉತ್ತರಕ್ಕೆ ಹತ್ತು ದಿನಗಳ ಕಾಲಾವಕಾಶವಿದೆ. ಯಾರು, ಯಾವ ಘಟನೆಯ ಬಗ್ಗೆ ಆರೋಪಿಸಿದ್ದಾರೆಂದು ತಿಳಿಯದೆ ಪ್ರತಿವಾದ ಮಂಡಿಸಲಾಗದು ಎಂಬುದು ಸಹಜ ನ್ಯಾಯದ ತತ್ತ್ವ. ಗೋವಾ ವಿಶ್ವವಿದ್ಯಾಲಯದ ಪ್ರಕರಣವೊಂದರಲ್ಲಿ ಸಮಿತಿಯು ಅವಸರದಿಂದ ವಿಚಾರಣೆ ಮುಗಿಸಿತೆಂಬ ಕಾರಣಕ್ಕೆ ಸರ್ವೋಚ್ಚ ನ್ಯಾಯಾಲಯವು 2023ರ ಮೇ ತಿಂಗಳಲ್ಲಿ ಅದನ್ನು ಮತ್ತೆ ಸಮಿತಿಗೆ ಮರಳಿಸಿತು. ವಿಚಾರಣೆಯ ಲೋಪದಿಂದ ದೂರುದಾರರೂ ವರ್ಷಗಟ್ಟಲೆ ಕಾಯಬೇಕಾಗುತ್ತದೆ.

ಸಣ್ಣ ವಿಭಾಗಗಳಲ್ಲಿ ಸಮಸ್ಯೆ ಇನ್ನಷ್ಟು ಜಟಿಲ. ಮಾರ್ಗದರ್ಶಕರೊಬ್ಬರ ಬಳಿ ನಾಲ್ಕೈದು ಸಂಶೋಧನಾ ವಿದ್ಯಾರ್ಥಿಗಳಷ್ಟೇ ಇರುವಲ್ಲಿ ಹೆಸರನ್ನು ಮುಚ್ಚಿಟ್ಟರೂ ದೂರು ನೀಡಿದವರು ಯಾರೆಂದು ಸುತ್ತಲಿನವರು ಊಹಿಸಬಲ್ಲರು. ಆದ್ದರಿಂದ ದೂರು ಕೊಡಬೇಕೆ ಬೇಡವೆ ಎಂದು ಇನ್ನೂ ನಿರ್ಧರಿಸದವರಿಗೆ ಆಪ್ತಸಮಾಲೋಚಕರ ನೆರವು ಅಗತ್ಯ. ಆಯೋಗದ ನಿಯಮಾವಳಿಯು ತರಬೇತಿ ಪಡೆದ ಪೂರ್ಣಾವಧಿ ಆಪ್ತಸಮಾಲೋಚಕರು ಇರಬೇಕೆಂದು ಹೇಳುತ್ತದೆ.

ಕಾಲಮಿತಿ ಮತ್ತು ಮಧ್ಯಂತರ ರಕ್ಷಣೆ

ಘಟನೆ ನಡೆದ ಮೂರು ತಿಂಗಳೊಳಗೆ ದೂರು ನೀಡಬೇಕು. ಘಟನೆಗಳು ಸರಣಿಯಾಗಿ ನಡೆದಿದ್ದರೆ ಕೊನೆಯ ಘಟನೆಯಿಂದ ಅವಧಿಯನ್ನು ಎಣಿಸಲಾಗುತ್ತದೆ. ತಡವಾದುದಕ್ಕೆ ಕಾರಣಗಳನ್ನು ದಾಖಲಿಸಿ ಸಮಿತಿಯು ಇನ್ನೂ ಮೂರು ತಿಂಗಳು ನೀಡಬಹುದು. ಬರೆದುಕೊಡಲು ಸಾಧ್ಯವಾಗದವರಿಗೆ ಸಮಿತಿಯೇ ನೆರವಾಗಬೇಕು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು.

ವಿಚಾರಣೆ ನಡೆಯುತ್ತಿರುವಾಗಲೇ ದೂರುದಾರರಿಗೆ ಮೂರು ತಿಂಗಳವರೆಗೆ ರಜೆ ನೀಡುವಂತೆ ಅಥವಾ ಇಬ್ಬರಲ್ಲೊಬ್ಬರನ್ನು ಬೇರೆ ವಿಭಾಗಕ್ಕೆ ವರ್ಗಾಯಿಸುವಂತೆ ಸಮಿತಿಯು ಶಿಫಾರಸು ಮಾಡಬಹುದು. ದೂರುದಾರರ ಪರೀಕ್ಷೆ ಅಥವಾ ಸಂಶೋಧನೆಯನ್ನು ಪ್ರತಿವಾದಿಯು ಮೌಲ್ಯಮಾಪನ ಮಾಡದಂತೆ ತಡೆಯುವ ಅವಕಾಶವೂ ಇದೆ. ಆಂತರಿಕ ಅಂಕ ಮತ್ತು ಪ್ರಬಂಧದ ಭವಿಷ್ಯ ಅಧ್ಯಾಪಕರ ಕೈಯಲ್ಲಿರುವ ವಿದ್ಯಾರ್ಥಿಗಳಿಗೆ ಬಹುಶಃ ಇದೇ ಅತ್ಯಂತ ಉಪಯುಕ್ತ ರಕ್ಷಣೆ. ಆರೋಪವನ್ನು ಸಾಬೀತುಪಡಿಸಲು ಆಗದಿದ್ದ ಮಾತ್ರಕ್ಕೆ ದೂರು ಸುಳ್ಳೆಂದು ಪರಿಗಣಿಸಿ ಶಿಕ್ಷಿಸುವಂತಿಲ್ಲ.

ಇತರ ದೂರುಗಳು

ಜಾತಿ, ಧರ್ಮ, ಭಾಷೆ, ಅಂಗವೈಕಲ್ಯ ಮುಂತಾದ ಆಧಾರದ ತಾರತಮ್ಯವು ಈ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕಾಗಿ ಆಯೋಗದ 2012ರ ನಿಯಮಾವಳಿಯು ಸಮಾನ ಅವಕಾಶ ಕೋಶವನ್ನು ಸ್ಥಾಪಿಸಿ, ತಾರತಮ್ಯ ವಿರೋಧಿ ಅಧಿಕಾರಿಯನ್ನು ನೇಮಿಸುವಂತೆ ಸೂಚಿಸಿತು. ರ‍್ಯಾಗಿಂಗ್ ತಡೆಗೆ 2009ರ ಪ್ರತ್ಯೇಕ ನಿಯಮಾವಳಿಯಿದೆ. ಕೃತ್ಯವು ಅಪರಾಧವೂ ಆಗಿದ್ದಲ್ಲಿ ಪೊಲೀಸರಿಗೆ ದೂರು ನೀಡುವ ಹಕ್ಕು ಸಮಿತಿಯ ವಿಚಾರಣೆಯ ಜೊತೆಗೇ ಉಳಿದಿರುತ್ತದೆ.